ಸುತ್ತಿಗಿಯ ತಾಸು

ವಾಡಿಯ ಸಾಲಿಯಲ್ಲಿ ಸಾಬಮ್ಮ ಈಗ ಟೀಚರ್. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ತರಬೇತಿ ಅಂತ ಸೇಡಮ್ಮಿಗೋ ಚಿತ್ತಾಪುರಕ್ಕೋ ಕರೆಯುತ್ತಾರೆ. ಮೇಲಿಂದ ಬಂದ ಸಾಹೇಬರೊಬ್ಬರು ಹಲಗೆಯ ಮೇಲೆ ‘ಪಠ್ಯಕ್ರಮ’ ಎಂದು ಬರೆದು, ಅದರ ಸುತ್ತ ಗುರಿ, ವಿಷಯ, ವಿಧಾನ, ಮೌಲ್ಯಮಾಪನ ಅಂತ ಬಾಣ ಎಳೆಯುತ್ತಾರೆ. ಉಳಿದ ಮಾಸ್ತರುಗಳು ಆಕಳಿಸುತ್ತ ಬರೆದುಕೊಳ್ಳುತ್ತಾರೆ. ಸಾಬಮ್ಮನಿಗೆ ಮಾತ್ರ ಆ ಶಬ್ದ ಕೇಳಿದ ಕೂಡಲೇ ಶಹಾಬಾದಿನ ಬೇವಿನ ಮರ, ಅದರ ಕೆಳಗಿನ ಟಕಟಕ ಸದ್ದು, ಅಯ್ಯನೋರ ಬಿಳಿ ಧೋತರ, ತನ್ನವ್ವನ ದೊಡ್ಡ ಗಂಟಲು ಎಲ್ಲವೂ ಒಟ್ಟಿಗೇ ನೆನಪಾಗುತ್ತವೆ. ಒಬ್ಬಳೇ ನಗುತ್ತಾಳೆ.

ಆಗಿನ್ನೂ ಮೈಸೂರು ರಾಜ್ಯ. ಶಹಾಬಾದಿನ ಆಚೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆಯುವ ಖಣಿಗಳ ದಂಡೆಯಲ್ಲಿ ಆ ಸಾಲಿ. ಒಂದು ಕಡೆಯಿಂದ ಅಂಗಡಿಕಾರರ, ಹೊಲಮನೆ ಇದ್ದವರ ಮಕ್ಕಳು. ಇನ್ನೊಂದು ಕಡೆಯಿಂದ ಖಣಿಯ ಗುಡಿಸಲುಗಳ ಮಕ್ಕಳು. ಸಾಬಮ್ಮನ ಅವ್ವ ಪೀರಮ್ಮ ಖಣಿಯಲ್ಲಿ ಕಲ್ಲು ಹೊರುವವಳು, ಅಂಚು ತಿದ್ದುವವಳು. ಅಪ್ಪ ಇರಲಿಲ್ಲ.

ಪಠ್ಯಪುಸ್ತಕದಲ್ಲಿ ‘ನಮ್ಮ ಮನೆಯ ಹಿಂದೆ ತೆಂಗಿನ ತೋಟವಿದೆ’ ಅಂತಿತ್ತು. ಹರದಾರಿ ದೂರ ಹೋದರೂ ಒಂದು ತೆಂಗಿನ ಗಿಡ ಕಾಣದ ಮಕ್ಕಳು ಅದನ್ನೇ ರಾಗ ಎಳೆದು ಒದರುತ್ತಿದ್ದವು. ಹೊಸದಾಗಿ ಬಂದ ಹೆಡ್‌ಮಾಸ್ತರ್ ಗುರುಲಿಂಗಯ್ಯ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಈ ಪುಸ್ತಕ ಬರೆದವರು ಶಹಾಬಾದಿಗಿ ಬಂದಿಲ್ರೋ. ಬಂದಿದ್ರ ತೆಂಗಿನ ಸುದ್ದಿ ಬಿಟ್ಟು ಬಿಸಲಿನ ಸುದ್ದಿ ಬರೀತಿದ್ರು!”

ಹಣೆತುಂಬ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅವರನ್ನು ಊರೆಲ್ಲ ಅಯ್ಯನೋರು ಅನ್ನುತ್ತಿತ್ತು. ಬಡಿಗೆ ಹಿಡಿಯದ ಮಾಸ್ತರನನ್ನು ಸಾಬಮ್ಮ ನೋಡಿದ್ದು ಅದೇ ಮೊದಲು. ಮಕ್ಕಳು ಕಂಡಿದ್ದರಿಂದ ಶುರುವಾಗಿ ಕಾಣದ್ದರ ಕಡೆಗೆ ಪಾಠ ನಡೆಯಬೇಕು ಅನ್ನೋದು ಅವರ ಹಟ. ಫರಸಿ ಅಳೆಸಿ ಕ್ಷೇತ್ರಫಲ ಕಲಿಸಿದರು. ಮಳಖೇಡಕ್ಕೆ ಕರೆದುಕೊಂಡು ಹೋಗಿ, ಕಾಗಿಣಾ ನದಿಯಲ್ಲಿ ಕಾಲು ಇಳಿಬಿಡಿಸಿ, ಹಾಳು ಕೋಟೆಯ ನೆರಳಲ್ಲಿ ರೊಟ್ಟಿ–ಶೇಂಗಾ ಹಿಂಡಿ ತಿನ್ನಿಸಿ ರಾಷ್ಟ್ರಕೂಟರ ಪಾಠ ಮಾಡಿದರು. ಆ ಪಾಠ ಸಾಬಮ್ಮನಿಗೆ ಇವತ್ತಿಗೂ ರೊಟ್ಟಿಯ ರುಚಿಯ ಜೊತೆಗೇ ನೆನಪಿದೆ.

ಇಂಥ ಅಯ್ಯನೋರೇ ಆ ತಪ್ಪು ಮಾಡಿದರು. ಕೆಟ್ಟವರು ಮಾಡಿದ್ದರೆ ಸಾಬಮ್ಮ ಎಂದೋ ಮರೆಯುತ್ತಿದ್ದಳು.

ಸಾಬಮ್ಮ ಐದನೇ ಇಯತ್ತೆಗೆ ಬಂದ ವರ್ಷ ಕಲಬುರ್ಗಿಯ ತರಬೇತಿಯಿಂದ ಅಯ್ಯನೋರು ಒಂದು ಹೊಸ ವಿಚಾರ ಹೊತ್ತು ತಂದರು. ಸಾಲಿಯಲ್ಲಿ ಕೈಕಸುಬು ಇರಬೇಕು, ಅದು ಆ ಊರಿನ ಕಸುಬೇ ಆಗಿರಬೇಕು. ಶಹಾಬಾದಿನ ಕಸುಬು ಯಾವುದು? ಕಲ್ಲು. ಐದನೇ ಇಯತ್ತೆಯಿಂದ ಇಂಗ್ಲಿಷ್ ಶುರುವಾಗುತ್ತಿತ್ತು. ಅದನ್ನು ಕಲಿಸುವವರು ಅಬ್ದುಲ್ ಗನಿ ಮಾಸ್ತರ್ ಒಬ್ಬರೇ. ಅವರ ಕೋಣೆ ಸಣ್ಣದು, ಮಕ್ಕಳು ಹೆಚ್ಚು. ಅಯ್ಯನೋರು ಲೆಕ್ಕ ಹಾಕಿದರು. ಖಣಿಯ ಮಕ್ಕಳು ಹೇಗೂ ಐದು–ಆರು ಮುಗಿಸಿ ಸಾಲಿ ಬಿಡುತ್ತವೆ. ಮಧ್ಯಾಹ್ನದ ಕಡೆಯ ತಾಸು ಊರ ಮಕ್ಕಳು ಒಳಗೆ ಇಂಗ್ಲಿಷ್ ಕಲಿಯಲಿ. ಖಣಿಯ ಮಕ್ಕಳು ಹೊರಗೆ ಬೇವಿನ ಮರದ ಕೆಳಗೆ ಸುತ್ತಿಗೆ, ಉಳಿ ಹಿಡಿಯಲಿ.

ವೇಳಾಪಟ್ಟಿ ಚೊಕ್ಕವಾಗಿತ್ತು. ಯಾರ ಕಣ್ಣಿಗೂ ಅದು ಗೋಡೆಯಾಗಿ ಕಾಣಲಿಲ್ಲ. ಗೋಡೆ ಕಟ್ಟಿದವರು ಒಳ್ಳೆಯವರಾದರೆ ಹಾಗೇ, ಅದು ಕಾಣುವುದೇ ಇಲ್ಲ.

ಮೊದಲ ದಿನ ಸಾಬಮ್ಮ ಫರಸಿಯ ಅಂಚನ್ನು ಒಂದು ಕೊಂಕೂ ಇಲ್ಲದೆ ತಿದ್ದಿದಳು. “ನೋಡ್ರೋ, ಹುಡುಗಿ ಕೈ ಅಂದ್ರ ಇದು!” ಅಂತ ಅಯ್ಯನೋರು ಬೆನ್ನು ತಟ್ಟಿದರು. ಸಾಬಮ್ಮ ಉಬ್ಬಿ ಹೋದಳು. ಅಷ್ಟರಲ್ಲಿ ಒಳಗಿನಿಂದ ಊರ ಮಕ್ಕಳ ಕೋರಸ್ ಕೇಳಿಸಿತು. ಏನೋ ಹೊಸ ಸದ್ದು, ನಾಲಿಗೆ ಮಡಚಿ ಅನ್ನುವಂಥದ್ದು. ಅವಳ ಸುತ್ತಿಗೆ ನಿಂತಿತು. ಸ್ಟೇಷನ್ನಿನಲ್ಲಿ ಅವ್ವ ತಿದ್ದಿದ ಕಲ್ಲು ತುಂಬಿಕೊಂಡು ಹೋಗುವ ವ್ಯಾಗನ್ನಿನ ಮೇಲೆ ಬರೆದದ್ದು ಅದೇ ಭಾಷೆ. ಕಲ್ಲು ಎಲ್ಲಿಗೆ ಹೋಗುತ್ತದೆ ಅಂತ ಓದುವ ಆಸೆ ಅವಳಿಗೆ ಬಹಳ ದಿನದ್ದು.

ತಾಸು ಮುಗಿದ ಮೇಲೆ ಗನಿ ಮಾಸ್ತರರನ್ನು ಕೇಳಿದಳು.

“ಸರ್, ನಾವು ಯಾವಾಗ ಒಳಗ ಬರಬೇಕ್ರಿ?”

ಗನಿ ಮಾಸ್ತರ್ ನೆಲ ನೋಡಿದರು. ನಿಜಾಮರ ಕಾಲದ ಉರ್ದು ಸಾಲಿಯಲ್ಲಿ ಓದಿದವರು. ರಾಜ್ಯ ಬದಲಾದ ಮೇಲೆ ರಾತ್ರೋರಾತ್ರಿ ಕನ್ನಡ ಅಕ್ಷರ ತಿದ್ದಿ ನೌಕರಿ ಉಳಿಸಿಕೊಂಡವರು. ಬಾಗಿಲ ಹೊರಗೆ ನಿಲ್ಲುವುದು ಹೇಗಿರುತ್ತದೆ ಅಂತ ಅವರಿಗೆ ಗೊತ್ತು.

“ಬೇಟಾ, ಇಂಗ್ಲಿಷ್ ಬರಲಿಲ್ಲಂದ್ರ ಹೈಸ್ಕೂಲ್ ಇಲ್ಲ. ನಿಮ್ಮವ್ವಗ ಹೇಳು. ನಾ ಹೇಳೀನಂತ ಹೇಳಬ್ಯಾಡ.”

ಸಾಬಮ್ಮ ಎರಡನ್ನೂ ಹೇಳಿದಳು.

ಮರುದಿನ ಪೀರಮ್ಮ ಖಣಿಗೆ ಹೋಗಲಿಲ್ಲ. ಸೀರೆ ಕಚ್ಚೆ ಬಿಗಿದು, ಓಣಿಯ ನಾಲ್ಕು ಹೆಂಗಸರನ್ನು ಹಿಂದೆ ಹಾಕಿಕೊಂಡು ಸಾಲಿಯ ಕಟ್ಟೆಗೆ ಬಂದು ನಿಂತಳು. ಸಾಬಮ್ಮನಿಗೆ ನೆಲ ಬಾಯಿಬಿಟ್ಟರೆ ಸಾಕಿತ್ತು.

“ಶರಣ್ರಿ ಅಯ್ಯನೋರೆ.”

“ಬರ್ರಿ ಪೀರಮ್ಮ, ಕುಂದ್ರಿ. ನಿಮ್ಮ ಮಗಳ ಕೈ ಭಾಳ ಚಂದ ಅದ ನೋಡ್ರಿ.”

“ಅದೇ ಕೈ ಸುದ್ದಿನೇ ಮಾತಾಡ್ಲಿಕ್ಕ ಬಂದೀನ್ರಿ. ಆಕಿಗಿ ಉಳಿ ಹಿಡಿಯೋದು ಯಾರು ಕಲಿಸ್ಯಾರ?”

“ನೀವೇ ಕಲಿಸಿರಬೇಕು.”

“ಹೌದಿಲ್ಲೊ? ಮತ್ತ ನನ್ನ ಕೆಲಸ ನೀವು ಮಾಡ್ಲಿಕತ್ತೀರಿ. ನಿಮ್ಮ ಕೆಲಸ ಯಾರು ಮಾಡಬೇಕ್ರಿ? ನಾ ಇಂಗ್ಲಿಷ್ ಕಲಿಸ್ಲೇನು?”

ಹಿಂದಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದರು. ಅಯ್ಯನೋರಿಗೆ ಸಿಟ್ಟು ಬರಲಿಲ್ಲ, ನೋವಾಯಿತು. “ದುಡಿಮಿ ಸಣ್ಣದಲ್ಲ ಪೀರಮ್ಮ. ಶರಣರು ಅದಕ್ಕೇ ಕಾಯಕ ಅಂದ್ರು. ಮಕ್ಕಳಿಗಿ ತಮ್ಮ ಮನಿ ಕಸುಬಿನ ಬಗ್ಗೆ ನಾಚಿಕಿ ಇರಬಾರದು ಅಂತ ನಾ ಇದನ್ನ—”

“ನನಗ ನಾಚಿಕಿ ಇಲ್ರೀ. ಇಕಿಗೂ ಇಲ್ಲ. ನಾಚಿಕಿ ಇರೋದು ಒಳಗ ನೆರಳಾಗ ಕುಂತ ಪೋರಗೋಳಿಗಿ. ಬ್ಯಾನಿ ಅವರಿಗಿ, ಔಷಧ ನಮಗ ಕುಡಸ್ಲಿಕತ್ತೀರಲ್ಲ, ಇದ್ಯಾವ ಊರ ವೈದ್ಯ?” ಪೀರಮ್ಮ ದನಿ ತಗ್ಗಿಸಿದಳು. “ಸುತ್ತಿಗಿ ಅಷ್ಟು ದೊಡ್ಡದಿದ್ರ, ನಿಮ್ಮ ನಾಗೇಂದ್ರ ಈ ತಾಸಿನಾಗ ಎಲ್ಲಿ ಕುಂತಿರ್ತಾನ್ರಿ ಅಪ್ಪಾ?”

ನಾಗೇಂದ್ರ ಅಯ್ಯನೋರ ಮಗ. ಅದೇ ಐದನೇ ಇಯತ್ತೆ. ಒಳಗೆ ಕೂಡುತ್ತಿದ್ದ.

ಅಯ್ಯನೋರು ಎದ್ದು ಹೋಗಿ, ಗೋಡೆಯ ಮೇಲಿನ ವೇಳಾಪಟ್ಟಿಯನ್ನು ತಾವೇ ಹರಿದರು. “ಈ ವಾರ ಎಲ್ಲರೂ ಮರದ ಕೆಳಗ. ಬರೋ ಸೋಮವಾರದಿಂದ ಎಲ್ಲರೂ ಒಳಗ, ಬೇಕಾದ್ರ ಒಬ್ಬರ ಮ್ಯಾಲೊಬ್ಬರು ಕುಂದರ್ಲಿ. ಹಿಂಗೇ ವಾರಕ್ಕೊಂದು ಸರದಿ.”

ಆ ವಾರದಷ್ಟು ಚಂದದ ವಾರವನ್ನು ಸಾಬಮ್ಮ ಆಮೇಲೆ ಯಾವ ಸಾಲಿಯಲ್ಲೂ ಕಾಣಲಿಲ್ಲ. ಅಂಗಡಿಕಾರರ ಮಕ್ಕಳಿಗೆ ಸುತ್ತಿಗೆ ಅಂದರೆ ಜಾತ್ರೆಗೆ ಬಂದಷ್ಟು ಖುಷಿ. ನಾಗೇಂದ್ರ ಉಳಿಯನ್ನು ಚಮಚದ ಹಾಗೆ ಹಿಡಿದ.

“ಏ, ಕಲ್ಲಿಗಿ ಗಂಜಿ ಕುಡಸ್ಲಿಕತ್ತೀಯೇನು? ಗಟ್ಟಿ ಹಿಡಿ,” ಅಂದಳು ಸಾಬಮ್ಮ.

“ಹಿಡದೀನಲ್ಲ!”

“ಹಂಗಲ್ಲೋ, ಕಲ್ಲಿನ ಎಳಿ ಎತ್ತ ಅದ ನೋಡು. ಅದು ಹೋದ ಕಡಿ ಹೋಗು.”

ಅವನ ಬೆರಳು ಹಿಡಿದು ತೋರಿಸಿದಳು. ಒಬ್ಬರನ್ನೊಬ್ಬರು ಮುಟ್ಟಬಾರದು ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮರೆತಿದ್ದರು. ಅವಳ ಗಡಿಗೆಯ ನೀರನ್ನೇ ಕೆಲವರು ಕುಡಿದರು. ಮಳಖೇಡದ ಕೋಟೆಯ ನೆರಳಲ್ಲಿ ಕೂಡ ರೊಟ್ಟಿಯ ಗಂಟುಗಳು ಎರಡು ಗುಂಪಾಗಿಯೇ ಬಿಚ್ಚಿದ್ದವು. ಮರದ ಕೆಳಗೆ ಗುಂಪೇ ಇರಲಿಲ್ಲ. ನಾಗೇಂದ್ರ ಹೆಬ್ಬೆರಳು ಜಜ್ಜಿಕೊಂಡು, ಅದಕ್ಕೆ ಸುತ್ತಿದ ಅರಿವೆಯನ್ನು ಪದಕದ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದ.

ಆ ಹೆಬ್ಬೆರಳು ಊರೊಳಗೆ ಹೋಗಿ ಸುದ್ದಿ ಮುಟ್ಟಿಸಿತು. ಶನಿವಾರ ಮುಂಜಾನೆ ಕಿರಾಣಿ ಅಂಗಡಿಯ ಸಾವ್ಕಾರ ನಾಲ್ಕು ಮಂದಿ ಹಿರಿಯರೊಂದಿಗೆ ಬಂದ. ಮಕ್ಕಳು ಕಿಟಕಿಗೆ ಜೋತುಬಿದ್ದವು. ಸೋಮವಾರ ಒಳಗೆ ಕೂಡುತ್ತೇನೋ ಇಲ್ಲವೋ ಅಂತ ಸಾಬಮ್ಮ ಎಲ್ಲರಿಗಿಂತ ಮುಂದೆ ನುಗ್ಗಿ ಕಿಟಕಿಯ ಸರಳು ಹಿಡಿದಳು.

“ಅಯ್ಯನೋರೆ, ನಿಮ್ಮ ಮ್ಯಾಲ ನಮಗ ಮರ್ಯಾದಿ ಅದ. ಖರೆ ನಮ್ಮ ಹುಡುಗರು ಕಲ್ಲು ಒಡೀಲಿಕ್ಕ ಹುಟ್ಟಿಲ್ಲ,” ಅಂದ ಸಾವ್ಕಾರ.

“ಮತ್ತ ಉಳಿದ ಮಕ್ಕಳು ಅದಕ್ಕೇ ಹುಟ್ಟ್ಯಾರೇನ್ರಿ?”

ಆ ಮಾತು ಬಾಯಿಂದ ಬಿದ್ದ ಮೇಲೆ ಅಯ್ಯನೋರು ತಾವೇ ಬೆಚ್ಚಿದ ಹಾಗೆ ಕಂಡರು. ಕೆಲವೇ ದಿನಗಳ ಹಿಂದೆ ಅವರೂ ಹಾಗೇ ಲೆಕ್ಕ ಹಾಕಿದ್ದರು.

“ಅದೆಲ್ಲ ನಮಗ್ಯಾಕ್ರಿ? ಮೊದಲಿನಂಗ ಮಾಡ್ರಿ. ಅವು ಹೊರಗ, ಇವು ಒಳಗ. ಯಾರಿಗೂ ತ್ರಾಸಿಲ್ಲ.”

“ಮೊದಲಿನಂಗ ಆಗಂಗಿಲ್ಲ ಸಾವ್ಕಾರ್ರೆ. ಸುತ್ತಿಗಿ ಬ್ಯಾಡಂದ್ರ ಯಾರಿಗೂ ಬ್ಯಾಡ. ಇಂಗ್ಲಿಷ್ ಬೇಕಂದ್ರ ಎಲ್ಲರಿಗೂ ಬೇಕು.”

“ಚಿಂಚೋಳಿ ತಾಲೂಕಿನಾಗ ಭಾಳ ಸಾಲಿ ಖಾಲಿ ಅವ ಅಂತ ಕೇಳೀವಿ,” ಅಂತ ಸಾವ್ಕಾರ ಎದ್ದ.

ಅವನು ಮಾತು ಉಳಿಸಿಕೊಂಡ. ದಸರಾ ಸೂಟಿ ಮುಗಿಯುವುದರೊಳಗೆ ಅಯ್ಯನೋರಿಗೆ ಅದೇ ಚಿಂಚೋಳಿ ತಾಲೂಕಿನ ಐನಾಪುರಕ್ಕೆ ವರ್ಗವಾಯಿತು. ಖಣಿಯ ಹೆಂಗಸರು ಮೋಟರಿನವರೆಗೆ ಅವರ ಟ್ರಂಕು ಹೊತ್ತು ನಡೆದರು; ದಾರಿಯುದ್ದಕ್ಕೂ ಪೀರಮ್ಮ ‘ಯಾಕ ಹೋಗ್ತೀರಿ’ ಅಂತ ಅಯ್ಯನೋರ ಜೊತೆ ಜಗಳ ಆಡುತ್ತಲೇ ಹೋದಳು.

ಸುತ್ತಿಗೆ ಆ ಶನಿವಾರವೇ ಮೂಲೆ ಸೇರಿತ್ತು. ಎಲ್ಲ ಮಕ್ಕಳು ಕೂಡಿ ಒಂದೇ ಕೆಲಸ ಕಲಿತ ತಾಸು ಒಂದೇ ವಾರ ಬದುಕಿತು. ದೊಡ್ಡವರ ಮರ್ಯಾದೆಗೆ ಅದನ್ನು ಬಲಿ ಕೊಟ್ಟರು, ಯಾರೂ ಅಳಲಿಲ್ಲ. ಸಾಬಮ್ಮ ಅದಕ್ಕಾಗಿ ಈಗ ಅಳುತ್ತಾಳೆ, ಒಮ್ಮೊಮ್ಮೆ. ಆಗ ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಆ ಸೋಮವಾರ ಮಧ್ಯಾಹ್ನ ಗನಿ ಮಾಸ್ತರರ ಸಣ್ಣ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಎಲ್ಲರೂ ಕೂತಿದ್ದರು. ಗನಿ ಮಾಸ್ತರ್ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿದರು. ಸಾಬಮ್ಮನ ದನಿ ಎಲ್ಲರಿಗಿಂತ ಮೇಲಿತ್ತು.

ಸಂಜೆ ಪೀರಮ್ಮ ಖಣಿಯಿಂದ ಬಂದವಳು, ಮೈಮೇಲಿನ ಧೂಳೂ ಝಾಡಿಸದೆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಹೇಳು ಪೋರಿ. ಏನು ಕಲತಿ?”

ಸಾಬಮ್ಮ ಎದ್ದು ನಿಂತು, ಕೈಕಟ್ಟಿ ಹೇಳಿದಳು: “ದಿಸ್ ಈಸ್ ಎ ಕೌ.”

“ಹಂಗಂದ್ರೇನು?”

“ಇದು ಆಕಳು ಅಂತ, ಯವ್ವಾ.”

ಪೀರಮ್ಮ ಮಗಳ ಮುಖವನ್ನೇ ನೋಡಿದಳು. “ಆಕಳಾ?”

“ಹ್ಞೂಂ.”

“ಇದು ಆಕಳು ಅನ್ಲಿಕ್ಕ ನಾ ಒಂದಿನದ ಕೂಲಿ ಬಿಟ್ಟು ಆ ದೇವರಂಥ ಮನಷ್ಯಾನ ಜೋಡಿ ಬಡದಾಡಿ ಬಂದೆನಾ!” ಅಂತ ಹಣೆ ಹಣೆ ಬಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದ ಗುಡಿಸಲಿಗೂ ಕೇಳುವ ಹಾಗೆ ಗಟ್ಟಿಯಾಗಿ ಅಂದಳು:

“ಇನ್ನೊಮ್ಮಿ ಅನ್ನು. ನಾನೂ ಕಲೀತೀನಿ. ನಾಳಿ ಮುಂದಿಂದು ಏನಂತ ಕೇಳ್ಕೊಂಡು ಬಾ. ನಾಳಿನೂ ಆಕಳೇ ಇದ್ರ, ನಾ ಮತ್ತ ಬರ್ತೀನಿ ಸಾಲಿಗಿ.”