ಕ್ಯಾಪ್ಟನ್ ಹೆಂಡತಿಗೆ ಈಜು ಬರುತ್ತಿತ್ತು

"ಯಾವಳೋ ಕತ್ತರಿಯಂತೆ! ಅವಳ ಕೈ ಸೇದ್ಹೋಗ!" ಅತ್ತೆ ಫೋನನ್ನು ಊಟದ ಮೇಜಿನ ಮೇಲೆ ಕುಕ್ಕಿದರು. "ನನ್ನ ಕಥೆ ಮತ್ತೆ ವಾಪಸ್ ಕಳಿಸಿದ್ದಾಳೆ."

ಎದುರಿಗೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಕತ್ತರಿ ಎಂದರೆ ಅವಳೇ.

ಹಡಗಿನ ಕ್ಯಾಪ್ಟನ್ನನ ಧಾರಾವಾಹಿಯನ್ನು ಆ ಮನೆಯಲ್ಲಿ ಇಬ್ಬರೂ ಒಂದು ಕಂತೂ ಬಿಡದೆ ನೋಡಿದವರು. ಅದರ ಅಭಿಮಾನಿಗಳು ಅವೇ ಪಾತ್ರಗಳನ್ನಿಟ್ಟುಕೊಂಡು ಸ್ವಂತ ಕಥೆ ಬರೆದು ಹಾಕುವ ವೆಬ್‌ಸೈಟ್ ಒಂದಿತ್ತು. ಬಂದ ಕಥೆಗಳನ್ನು ಓದಿ, ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವ ಮಾಡರೇಟರುಗಳಲ್ಲಿ ಸೊಸೆಯೂ ಒಬ್ಬಳು. ಸಂಬಳವಿಲ್ಲದ ಕೆಲಸ, ಅಧಿಕಾರ ಮಾತ್ರ ಭರ್ಜರಿ. ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಕೌಂಟರಿನ ಹಿಂದೆ ಕೂತು, ಲೆನ್ಸು ಒರೆಸುವ ಬಟ್ಟೆ ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ, ಯಾರ ಮುಲಾಜೂ ಇಲ್ಲದೆ ಕಥೆಗಳನ್ನು ತಿರಸ್ಕರಿಸುತ್ತಿದ್ದಳು. ಅದಕ್ಕೇ ಆ ಅಡ್ಡಹೆಸರು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬ. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಬರೆಯುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅಲ್ಲಿ ಅವರ ಹೆಸರು 'ಉಪ್ಪುನೀರು'.

"ಕೇಳು ಏನು ಬರೆದಿದ್ದಾಳೆ ಅಂತ," ಅತ್ತೆ ಕನ್ನಡಕ ಏರಿಸಿ ಓದಿದರು. "'ನಿಮ್ಮ ಭಾಷೆ ಚೆನ್ನಾಗಿದೆ. ಆದರೆ ಮೊದಲ ಕಂತಿನಲ್ಲೇ ಮುಳುಗಿ ಸತ್ತ ಕ್ಯಾಪ್ಟನ್ನನ ಹೆಂಡತಿಯನ್ನು ನೀವು ಬದುಕಿಸಿದ್ದೀರಿ. ಸತ್ತ ಪಾತ್ರಗಳು ಮರಳುವಂತಿಲ್ಲ.' ಇವಳು ಹೆಣ ನೋಡಿದ್ದಾಳಾ? ಇನ್ನೊಂದು ಸಲ ವಾಪಸ್ ಬಂದ್ರೆ ನನ್ನ ಖಾತೆನೇ ಮುಚ್ತಾರಂತೆ. ಮುಚ್ಲಿ."

ಮುಚ್ಚಲಿ ಎಂದರೂ ಅವರ ದನಿ ನಡುಗಿತು. ತಮ್ಮ ಎರಡು ಕುರ್ಚಿಯ ಬ್ಯೂಟಿ ಪಾರ್ಲರಿನಲ್ಲಿ ದಿನವಿಡೀ ನಿಂತು, ಊದಿದ ಕಾಲು ಮೇಲಿಟ್ಟುಕೊಂಡು, ಒಂದೇ ಬೆರಳಲ್ಲಿ ಟೈಪು ಮಾಡಿದ ಕಥೆ ಅದು.

"ಕೊನೇಲಿ ಇದೆಲ್ಲ ಕ್ಯಾಪ್ಟನ್ ಕಂಡ ಕನಸು ಅಂತ ಒಂದು ಸಾಲು ಸೇರಿಸಿಬಿಡಿ ಅತ್ತೆ," ಸೊಸೆ ಹುರುಳಿಕಾಯಿಯ ಕಡೆಗೇ ನೋಡುತ್ತ ಹೇಳಿದಳು. "ಆಗ ಹಾಕ್ತಾರೆ."

"ಅವಳು ಬದುಕಬೇಕಾದ್ರೆ ಅವನ ಕನಸೇ ಆಗಬೇಕಾ? ಅವಳ ಪಾಡಿಗೆ ಅವಳು ಬದುಕಬಾರ್ದಾ?" ಅತ್ತೆ ರೇಗಿದರು. "ಅವಳು ಸತ್ತಿದ್ದಾದ್ರೂ ಯಾಕೆ ಹೇಳು. ಅವನು ಹಡಗಿನ ತುದೀಲಿ ನಿಂತು ಚೆಂದಾಗಿ ಅಳೋದಕ್ಕೆ."

ಸೊಸೆಗೆ ಆ ಮಾತು ನಾಟಿತು. ಮಗ ಇನ್ನೂ ಎದೆಹಾಲು ಕುಡಿಯುವಾಗ ಅತ್ತೆ ಗಂಡನ ಮನೆ ಬಿಟ್ಟು ಬಂದವರು. ಆ ಮನೆಯವರು ಮಾನ ಉಳಿಸಿಕೊಳ್ಳಲು, ಅವಳು ಜ್ವರ ಬಂದು ಸತ್ತಳು ಎಂದು ಊರಿಗೆಲ್ಲ ಹೇಳಿದ್ದರು. ಅತ್ತೆ ಅದನ್ನು ನಗುತ್ತಲೇ ಹೇಳುತ್ತಿದ್ದರು. ಆ ನಗು ಸೊಸೆಗೆ ಯಾವತ್ತೂ ಹಿಡಿಸಿರಲಿಲ್ಲ.

"ಅತ್ತೆ, ಆ ಕತ್ತರಿ ನಾನೇ."

ಅತ್ತೆ ಕನ್ನಡಕ ತೆಗೆದು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೆ ಕತ್ತರಿ ಹಿಡಿಯೋಕೆ ಬರಲ್ಲ ಅಂತ ನಾನು ಮೊದಲಿಂದ ಹೇಳ್ತಾನೇ ಇದೀನಿ," ಎಂದರು. "ಪೂರ್ತಿ ಓದಿದ್ಯಾ?"

"ಇಲ್ಲ. ಅವಳು ದಡಕ್ಕೆ ಬಂದ್ಲು ಅನ್ನೋವರೆಗೆ."

"ನಾನು ತಲೆ ಪೂರ್ತಿ ನೋಡದೆ ಒಂದು ಕೂದಲಿಗೂ ಕತ್ತರಿ ಹಾಕಲ್ಲ ಕಣೇ. ಓದು." ಫೋನು ಹುರುಳಿಕಾಯಿಯ ಮೊರಕ್ಕೆ ಬಂದು ಬಿತ್ತು.

ಸೊಸೆ ಓದಿದಳು. ಕ್ಯಾಪ್ಟನ್ನನ ಹೆಂಡತಿ ಈಜಿ ದಡ ಸೇರುತ್ತಾಳೆ. ಬೇರೊಂದು ಬಂದರಿನಲ್ಲಿ ಕ್ಷೌರದಂಗಡಿ ಇಡುತ್ತಾಳೆ. ವರ್ಷಗಳ ಮೇಲೆ ಕ್ಯಾಪ್ಟನ್ ಅದೇ ಅಂಗಡಿಗೆ ಬಂದು, ಕಣ್ಣು ಮುಚ್ಚಿ ಕೂತು, ಮುಳುಗಿಹೋದ ಹೆಂಡತಿಯ ಬಗ್ಗೆ ಗಡ್ಡಕ್ಕೆ ಸೋಪು ಹಚ್ಚುವಷ್ಟು ಹೊತ್ತೂ ಕೊರೆಯುತ್ತಾನೆ. ಗುರುತು ಮಾತ್ರ ಹಿಡಿಯುವುದಿಲ್ಲ. ಅವಳು ಗಡ್ಡ ನುಣ್ಣಗೆ ಹೆರೆದು, ಕೂಲಿ ಇಸಿದುಕೊಂಡು, ಬಟ್ಟೆ ಕೊಡವಿ, "ಮುಂದಿನವರು ಬನ್ನಿ" ಅನ್ನುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಸೊಸೆಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

"ಅತ್ತೆ ಬರೆದಿದ್ದು ಅಂತ ನೀನು ಹಾಕಿಸ್ಬೇಡ," ಅತ್ತೆ ಫೋನು ಕಿತ್ತುಕೊಂಡರು. "ಒಂದಕ್ಷರ ಬದಲಾಯಿಸದೆ ಮತ್ತೆ ಕಳಿಸ್ತೀನಿ. ಓದಿ, ಬೇಡ ಅನ್ನಿಸಿದ್ರೆ ಬೇಡ ಅನ್ನಲಿ. ಓದದೆ ಸಾಯಿಸೋದು ಬೇಡ."

ಮರುದಿನ ಮಧ್ಯಾಹ್ನ ಕಥೆ ಮತ್ತೆ ಬಂದದ್ದನ್ನು ನೋಡಿ ಸೊಸೆ ಅಂಗಡಿಯಿಂದಲೇ ವೆಬ್‌ಸೈಟಿನ ಮುಖ್ಯಸ್ಥನಿಗೆ ಫೋನು ಮಾಡಿದಳು. ಎಲ್ಲರೂ ದೊಡ್ಡಣ್ಣ ಎಂದು ಕರೆಯುತ್ತಿದ್ದ ಅವನ ಮುಖವನ್ನು ಅವಳು ನೋಡಿರಲಿಲ್ಲ. ಬರೆದವರು ತನ್ನ ಅತ್ತೆ, ತೀರ್ಮಾನ ನೀವೇ ಮಾಡಿ, ಆದರೆ ಕೊನೆಯವರೆಗೆ ಓದಿ ಮಾಡಿ ಎಂದಳು.

"ಓದೋದೇನಿದೆ ಕತ್ತರಿಯವ್ರೇ? ಸತ್ತೋರು ಸತ್ತಂಗೇ. ನಿಯಮ ಬರೆದಿದ್ದೇ ನಾನು."

"ಹೆಣ ಸಿಕ್ಕಿದ್ದನ್ನ ಯಾವ ಕಂತಲ್ಲೂ ತೋರಿಸಿಲ್ಲ. ಅದೂ ಅಲ್ಲದೆ ಕ್ಯಾಪ್ಟನ್‌ಗೆ ಈಜು ಕಲಿಸಿದ್ದೇ ಅವಳು. ಅವನೇ ಹಡಗಿನ ಅಡುಗೆಯವನ ಹತ್ರ ಹೇಳ್ತಾನಲ್ಲ."

"ಇರಬಹುದು. ಆದ್ರೆ ಅವಳು ಬದುಕಿದ್ಲು ಅಂದ್ರೆ ಕ್ಯಾಪ್ಟನ್ ಇಷ್ಟು ವರ್ಷ ಅತ್ತಿದ್ದಕ್ಕೆ ಏನು ಬೆಲೆ? ಓದುಗರು ಮೈಮೇಲೆ ಬೀಳ್ತಾರೆ."

"ಹೋದ ತಿಂಗಳು ಕ್ಯಾಪ್ಟನ್ನನ ಗಿಳಿ ಮಂತ್ರಿ ಆದ ಕಥೆ ಹಾಕಿದ್ವಿ. ಯಾರೂ ಬೀಳಲಿಲ್ಲ. ಹೆಂಗಸು ಈಜಿದ್ದು ಮಾತ್ರ ನಂಬೋಕಾಗಲ್ವಾ ನಿಮಗೆ?"

"ವಾದ ಬೇಡ. ಹಿಂದಿನ ಸಲ ನೋಡಿದ್ದು ನೀವು. ನಿಮ್ಮ ಹೆಸರಲ್ಲೇ ತಿರಸ್ಕಾರ ಹೋಗ್ಲಿ. ಕಾರಣ ಬರೆದು ಮುಗಿಸಿ."

ಕನ್ನಡಕ ಸರಿಪಡಿಸಿಕೊಳ್ಳಲು ಬಂದಿದ್ದ ಗಿರಾಕಿಯೊಬ್ಬರು ಕೌಂಟರು ತಟ್ಟಿದರು. "ಒಂದು ನಿಮಿಷ, ಒಬ್ಬರನ್ನ ಕೊಲ್ಲೋದಿದೆ," ಎಂದಳು ಸೊಸೆ. ಗಿರಾಕಿ ಕೈ ಹಿಂದಕ್ಕೆ ತೆಗೆದುಕೊಂಡರು.

ತಿರಸ್ಕಾರದ ಕಾರಣಗಳನ್ನು ಎಲ್ಲ ಓದುಗರಿಗೂ ಕಾಣುವ ಹಾಗೆ ಹಾಕುವುದು ಅಲ್ಲಿನ ಪದ್ಧತಿ, ಬೇರೆಯವರು ಅದೇ ತಪ್ಪು ಮಾಡದಿರಲಿ ಎಂದು. ಸಿದ್ಧ ಕಾರಣಗಳ ಸಾಲಿನಲ್ಲಿ 'ಸತ್ತ ಪಾತ್ರ' ಇತ್ತು, 'ಅಪೂರ್ಣ' ಇತ್ತು, 'ನಾಯಕನಿಗೆ ಅಗೌರವ' ಇತ್ತು. ಸೊಸೆ ಎಲ್ಲವನ್ನೂ ದಾಟಿ 'ಇತರೆ' ಎಂಬಲ್ಲಿ ಒತ್ತಿ ಬರೆದಳು: 'ಈ ಕಥೆಯಲ್ಲಿ ತಪ್ಪೇನೂ ಇಲ್ಲ. ಕ್ಯಾಪ್ಟನ್ನನ ಹೆಂಡತಿ ಸಾಯಲು ಒಪ್ಪುತ್ತಿಲ್ಲ, ಅದೇ ಕಾರಣ.' ಕೆಳಗೆ ಕತ್ತರಿ ಎಂದು ಹಾಕಿದಳು. ಆಮೇಲೆ ಮಾಡರೇಟರ್ ಪಟ್ಟಿಯಿಂದ ತನ್ನ ಹೆಸರನ್ನೂ ಕಿತ್ತುಹಾಕಿದಳು. ಅಂಥ ಖುಷಿ ಆ ಕೆಲಸದಲ್ಲಿ ಯಾವತ್ತೂ ಆಗಿರಲಿಲ್ಲ.

"ಹೇಳಿ, ಯಾವ ಕಡೆ ಸಡಿಲ ಆಗಿದೆ?" ಎಂದು ಗಿರಾಕಿಯ ಕನ್ನಡಕಕ್ಕೆ ಕೈ ಚಾಚಿದಳು.

ಸಂಜೆ ಪಕ್ಕದ ಅಂಗಡಿಯಲ್ಲಿ ಕಥೆಯನ್ನು ಪ್ರಿಂಟ್ ತೆಗೆಸಿಕೊಂಡು ಪಾರ್ಲರಿಗೆ ಹೋದಳು. ಅತ್ತೆಯ ಖಾತೆ ಆಗಲೇ ಮುಚ್ಚಿತ್ತು. ಅವರಿಗೆ ಸುದ್ದಿಯೂ ಗೊತ್ತಿತ್ತು, 'ಇತರೆ'ಯಲ್ಲಿ ಬರೆದದ್ದೂ ಗೊತ್ತಿತ್ತು. ಹಾಳೆಗಳನ್ನು ಇಸಿದುಕೊಂಡು, ಗಿರಾಕಿಗಳಿಗೆಂದು ಇಟ್ಟಿದ್ದ ಹಳೇ ಪತ್ರಿಕೆಗಳನ್ನು ಬುಟ್ಟಿಗೆ ಎಸೆದು, ಆ ಜಾಗದಲ್ಲಿ ಇಟ್ಟರು.

ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ದರ್ಜಿಯಮ್ಮ ಬೇಸರಕ್ಕೆಂದು ಮೊದಲ ಹಾಳೆ ಎತ್ತಿಕೊಂಡಳು. ಪಕ್ಕದ ಕುರ್ಚಿಯ ನರ್ಸು ಓದಿ ಮುಗಿದ ಹಾಳೆಗೆ ಕೈ ಚಾಚಿದಳು. ಬಣ್ಣ ತೊಳೆಯುವ ಹೊತ್ತಾಯಿತು ಎಂದು ಅತ್ತೆ ಕರೆದರು.

"ಇರಮ್ಮ, ಅವನು ಈಗ ತಾನೇ ಕುರ್ಚಿ ಮೇಲೆ ಕೂತಿದ್ದಾನೆ," ಎಂದಳು ದರ್ಜಿಯಮ್ಮ ತಲೆ ಎತ್ತದೆ. "ಗುರುತು ಹಿಡೀತಾನಾ?"

"ಓದು."

ಬಣ್ಣ ಅವಳ ಕಿವಿಯ ಹಿಂದೆ ಇಳಿಯುತ್ತಿತ್ತು. ಕೊನೆಯ ಹಾಳೆಗೆ ಬಂದಾಗ ಅವಳು ಒಮ್ಮೆ ಜೋರಾಗಿ ನಕ್ಕಳು. ಆಮೇಲೆ ಆ ಹಾಳೆಯನ್ನು ನರ್ಸಿಗೆ ಕೊಡದೆ ಕೈಯಲ್ಲೇ ಹಿಡಿದುಕೊಂಡು, ತಲೆ ತೊಳೆಸಿಕೊಳ್ಳಲು ಎದ್ದಳು.

ಅವಳು ತಲೆ ತೊಳೆಸಿಕೊಂಡು ಹೋದ ಮೇಲೆ ಅತ್ತೆ ಖಾಲಿ ಕುರ್ಚಿಯ ಬಟ್ಟೆ ಎತ್ತಿ ಫಟ್ಟನೆ ಕೊಡವಿದರು. ಕತ್ತರಿ ಕೈಗೆತ್ತಿಕೊಂಡು, ಬಾಗಿಲ ಬಳಿ ನಿಂತಿದ್ದ ಸೊಸೆಯ ಕೆದರಿದ ತಲೆಯನ್ನು ನೋಡಿದರು.

"ಮುಂದಿನವರು ಬನ್ನಿ," ಎಂದರು.