ಮೇಲೆ ಏನೂ ಬರೆಯದ ಹಾಳೆ

ಬಟ್ಟೆ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಅಂಗಿಗೆ ಗುಂಡಿ ಹಾಕುವವಳನ್ನು ಗುಂಡಿಯಕ್ಕ ಎನ್ನದೆ ಇನ್ನೇನೆಂದು ಕರೆಯುತ್ತಾರೆ? ಬಾಯಿ ಜೋರು, ಆದರೆ ಮಾತಿಗೆ ತಪ್ಪುವವಳಲ್ಲ. ಅದಕ್ಕೇ ಬೀದಿಯ ಹೆಂಗಸರು ಅವಳು ತೋರಿಸಿದ ಕಡೆ ಕಣ್ಣುಮುಚ್ಚಿ ಸಹಿ ಹಾಕಿದ್ದರು. ಅಯ್ಯೋ, ಅದೇ ಎಡವಟ್ಟಾಯಿತು.

ಬೀದಿಯ ಕೊನೆಯ ಸಣ್ಣ ದವಾಖಾನೆಗೆ ಹೆಂಗಸರ ಡಾಕ್ಟರು ಬರುತ್ತಿದ್ದುದು ಗುರುವಾರ ಮಾತ್ರ. ಅಲ್ಲಿನ ನರ್ಸಮ್ಮ ಹನ್ನೆರಡು ವರ್ಷದಿಂದ ಎಲ್ಲರಿಗೂ ಅಕ್ಕ. ಗುಂಡಿಯಕ್ಕನ ಎರಡೂ ಹೆರಿಗೆಯಲ್ಲಿ ಕೈ ಹಿಡಿದು ಕೂತವಳು. "ಡಾಕ್ಟರು ದಿನಾ ಬರಲಿ ಅಂತ ಅರ್ಜಿ ಕೊಡೋಣ ಕಣೆ. ಮೇಲಿನ ಬರಹ ಟೈಪ್ ಮಾಡಿಸ್ತಿದೀನಿ, ಅಷ್ಟರಲ್ಲಿ ನೀನು ಸಹಿ ಹಾಕಿಸಿಡು," ಎಂದಳು. ಬೀದಿಯ ಹೆಂಗಸರಲ್ಲಿ ಹೆಚ್ಚಿನವರು ಅದೇ ಕಾರ್ಖಾನೆಯವರು. ಗುಂಡಿಯಕ್ಕ ಊಟದ ಬಿಡುವಿನಲ್ಲೆಲ್ಲ ಹೊಲಿಗೆ ಯಂತ್ರಗಳ ನಡುವೆ ಓಡಾಡಿ, ಖಾಲಿ ಹಾಳೆಗಳ ಮೇಲೆ ಇನ್ನೂರು ಸಹಿ ತಂದಳು. ಮೊದಲನೆಯದು ಅವಳದೇ.

ಆಮೇಲೊಂದು ದಿನ ಸ್ನಾನ ಮಾಡುವಾಗ ಎಡ ಮೊಲೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಗಂಡನಿಗೆ ಹೇಳಲಿಲ್ಲ, ನರ್ಸಮ್ಮನಿಗೆ ಹೇಳಿದಳು. "ಗುರುವಾರ ಬಾ, ನಾನಿದೀನಲ್ಲ." ಆದರೆ ರಜೆ ಕೊಡಬೇಕಲ್ಲ! ಸೂಪರ್‌ವೈಸರ್ ಮೂರು ಗುರುವಾರ ಸತಾಯಿಸಿದ.

ನಾಲ್ಕನೆಯ ಗುರುವಾರ ಹೋದರೆ ದವಾಖಾನೆಗೆ ಬೀಗ. ಗೇಟಿನ ಮೇಲೆ ಪ್ರಕಟಣೆ: ಇಲ್ಲಿ ಅಂಗಡಿಗಳ ಕಟ್ಟಡ ಬರಲಿದೆ, ದವಾಖಾನೆಯನ್ನು ಹೆದ್ದಾರಿಯಾಚೆಯ ಹೊಸ ಆಸ್ಪತ್ರೆಗೆ ಸೇರಿಸಲು ಈ ಬೀದಿಯ ಮಹಿಳೆಯರೇ ಒಪ್ಪಿದ್ದಾರೆ. ಕೆಳಗೆ ಇನ್ನೂರು ಸಹಿ. ಮೊದಲನೆಯದು ಗುಂಡಿಯಕ್ಕನದೇ. ಕಾರ್ಖಾನೆಯಲ್ಲಿ ಪಕ್ಕದಲ್ಲೇ ಕೂತು ಗುಂಡಿಗೆ ಕಾಜಾ ಹೊಲಿಯುವ ತುಂಬುಗರ್ಭಿಣಿ ಅಲ್ಲೇ ನಿಂತಿದ್ದಳು. "ನೀನು ಹೇಳಿದೆ ಅಂತ ಹಾಕಿದ್ವಲ್ಲಕ್ಕಾ," ಎಂದಳು. ಗುಂಡಿಯಕ್ಕ ನೇರ ಬಸ್‌ಸ್ಟಾಪಿಗೆ ನಡೆದಳು.

ಎರಡು ಬಸ್ಸು ಬದಲಿಸಿ ಹೊಸ ಆಸ್ಪತ್ರೆ ತಲುಪಿದಾಗ ಹನ್ನೆರಡು ಹತ್ತು. ಹೆಂಗಸರ ಡಾಕ್ಟರು ಇಲ್ಲಿಗೂ ಗುರುವಾರ ಮಾತ್ರ, ಹನ್ನೆರಡಕ್ಕೇ ಎದ್ದು ಹೋಗಿದ್ದರು. ಗಾಜಿನ ಕಿಟಕಿಯ ಹಿಂದೆ ಹೊಸ ಸಮವಸ್ತ್ರ ತೊಟ್ಟು ಕೂತವಳು ಯಾರು? ನರ್ಸಮ್ಮನೇ!

"ಅಕ್ಕಾ, ಆ ಹಾಳೆ ಮೇಲೆ ಏನು ಬರೆಸಿದೆ?"

ನರ್ಸಮ್ಮ ತಲೆ ತಗ್ಗಿಸಿದಳು. "ಬೀದಿಯವರ ಒಪ್ಪಿಗೆ ತರದಿದ್ರೆ ಕೆಲಸದಿಂದ ತೆಗೀತೀವಿ ಅಂದ್ರು ಮೇಲಿನವರು. ತಂದುಕೊಟ್ಟೆ, ಇಲ್ಲಿ ಕಾಯಂ ಮಾಡಿದ್ರು. ನನಗೂ ಸಂಸಾರ ಇದೆಯಲ್ಲೇ."

"ನನ್ನ ಕೈಯಿಂದಲೇ ಇಡೀ ಬೀದಿಯ ಕುತ್ತಿಗೆ ಕೊಯ್ಸಿದೆಯಲ್ಲ!" ಗುಂಡಿಯಕ್ಕನಿಗೆ ಅಳು ಉಕ್ಕಿ ಬಂತು. ಕಂಡವರು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಕೈ ಹಿಡಿದವಳೇ ಕೈಕೊಟ್ಟರೆ?

"ಮುಂದಿನ ಗುರುವಾರ ಬಾ. ಇಲ್ಲೊಂದು ಸಹಿ ಹಾಕು," ಎಂದು ನರ್ಸಮ್ಮ ಚೀಟಿ ಸರಿಸಿದಳು. ಮುಂದಿನ ಗುರುವಾರವೂ ರಜೆ ಹಾಕಿದರೆ ಕೆಲಸ ಹೋದ ಹಾಗೆಯೇ. ಅಕ್ಕ ಹೇಳಿದ ಕಡೆ ಸಹಿ ಹಾಕಿ ಅಭ್ಯಾಸವಾದ ಕೈ, ತಾನಾಗಿಯೇ ಪೆನ್ನು ಹಿಡಿಯಿತು. ಆಮೇಲೆ ನಿಂತಿತು.

"ಏನು ಬರೆದಿದೆ? ನೀನೇ ಜೋರಾಗಿ ಓದು."

ನರ್ಸಮ್ಮ ಮೆಲ್ಲಗೆ ಓದಿದಳು. "ರೋಗಿ... ಸ್ವಂತ ಕಾರಣದಿಂದ ತಡವಾಗಿ ಬಂದಿದ್ದಾರೆ."

ಗುಂಡಿಯಕ್ಕ ಕಣ್ಣೊರೆಸಿಕೊಂಡು ಪೆನ್ನನ್ನು ಕಿಟಕಿಯೊಳಗೆ ದೂಡಿದಳು.

"ಇದಕ್ಕೆ ನೀವೇ ಸಹಿ ಹಾಕಿ, ಸಿಸ್ಟರ್."