ಚೈತನ್ಯಾಳ ಸರದಿ

ಬಸ್ಸು ಬಟ್ಟೆಮಲ್ಲಪ್ಪ ಎಂಬ ಊರು ದಾಟುತ್ತಿದ್ದ ಹಾಗೆ ಮೊಬೈಲಿನ ಮೂಲೆಯಲ್ಲಿದ್ದ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಆರಿದವು. ಉಮೇಶ್ ಫುಟ್‌ಬೋರ್ಡಿನ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ಬಾಗಿಲಾಚೆ ಚಾಚಿದ. ಒಂದು ಕಡ್ಡಿಯಾದರೂ ಸಿಕ್ಕೀತೇ ಎಂಬ ಆಸೆ. ಸಿಗಲಿಲ್ಲ. ಪರದೆಯ ಮೇಲೆ ಮೂರು ದಿನದಿಂದ ಇದ್ದ ಸಾಲೇ ಇತ್ತು: ಚೈತನ್ಯಾಳ ಸರದಿ. ಅದರ ಕೆಳಗಿನ ಗಡಿಯಾರ ಈಗ ಕೆಂಪಗಾಗಿತ್ತು. ಇವತ್ತು ಮಧ್ಯಾಹ್ನದೊಳಗೆ ಅವಳು ಆಡದಿದ್ದರೆ ಆಟ ತಾನಾಗಿಯೇ ಮುಚ್ಚಿಹೋಗುತ್ತಿತ್ತು.

"ಕಂಡಕ್ಟ್ರೇ, ಫೋನು ರಸ್ತೆಗೆ ಬೀಳ್ತದೆ ನೋಡಿ," ಎಂದರು ಹಿಂದಿನ ಸೀಟಿನವರು. "ಟಿಕೆಟ್ ಕೊಟ್ಟು ಆಮೇಲೆ ಆಡಿ ಮಾರಾಯ್ರೆ."

ಮೀಸೆಯಲ್ಲಿ ನರೆ ಕಾಣಿಸಿಕೊಂಡ ಗಂಡಸು ಮೊಬೈಲ್ ಗೇಮಿಗೆ ಹೀಗೆ ಜೀವ ಬಿಡುವುದನ್ನು ಕಂಡರೆ ಯಾರಿಗಾದರೂ ನಗು ಬರಬೇಕಾದ್ದೇ. ನಗುವವರು ನಗಲಿ. ಉಮೇಶನಿಗೂ ಅವನ ಮಗಳಿಗೂ ನಡುವೆ ಉಳಿದಿದ್ದ ದಾರಿ ಅದೊಂದೇ.

ಹೆಂಡತಿ ವಿನಯಾ ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ತೀರ್ಥಹಳ್ಳಿಯ ತವರಿಗೆ ಹೋಗಿ ಒಂದು ಮಳೆಗಾಲ ಕಳೆದಿತ್ತು. ತಪ್ಪು ಯಾರದೆಂದು ಕೇಳಿದರೆ ಸಾಗರದಲ್ಲಿ ಒಂದು ಉತ್ತರ, ತೀರ್ಥಹಳ್ಳಿಯಲ್ಲಿ ಇನ್ನೊಂದು. ಎರಡೂ ಕಡೆಯ ಹಿರಿಯರು ಕೂತು, ಕಾಫಿ ಕುಡಿದು, ಕೋರ್ಟಿನಲ್ಲಿ ತೀರ್ಮಾನ ಆಗುವವರೆಗೆ ಫೋನೂ ಬೇಡ, ಭೇಟಿಯೂ ಬೇಡ, ಮಗುವಿನ ಮನಸ್ಸು ಕದಡುವುದು ಬೇಡ ಎಂದು ಮಾತಾಡಿಬಿಟ್ಟರು. ಉಮೇಶ್ ತಲೆಯಾಡಿಸಿ ಬಂದ. ಅವನು ಕಂಡಕ್ಟರಾಗಿದ್ದ ಬಸ್ಸು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಓಡುವಂಥದ್ದು, ದಿನಾ ಮಗಳಿರುವ ಓಣಿಯ ಬಾಯಲ್ಲೇ ಹಾದುಹೋಗುವಂಥದ್ದು. ಅಲ್ಲಿಗೆ ಬಂದಾಗ ಡ್ರೈವರ್ ಜಟ್ಟಿಂಗಪ್ಪ ಯಾರೂ ಅಡ್ಡ ಇಲ್ಲದಿದ್ದರೂ ಉದ್ದಕ್ಕೆ ಒಂದು ಹಾರನ್ ಹೊಡೆಯುತ್ತಿದ್ದ. ಯಾಕೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ.

ಹಿರಿಯರು ಬೇಡವೆಂದ ಯಾದಿಯಲ್ಲಿ ಬಾರದೆ ಉಳಿದದ್ದು ಚೈತನ್ಯಾಳ ಟ್ಯಾಬಿನಲ್ಲಿದ್ದ ಆಟ ಮಾತ್ರ. ಊರು ಕಟ್ಟುವ ಆಟ. ಶುರುವಿನಲ್ಲಿ ಇಬ್ಬರಿಗೂ ಸಿಗುವುದು ಇಷ್ಟೇ: ಕೋಲು ಹಿಡಿದ ಒಬ್ಬ ಸಿಪಾಯಿ, ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹೆಂಗಸು. ಗಂಟು ಹೊತ್ತವಳಿಗೆ ಸೆಟ್ಲರ್ ಅಂತ ಹೆಸರು. ಅವಳು ಗಂಟು ಇಳಿಸಿದಲ್ಲಿ ಊರು. ಸುತ್ತಲೂ ಕತ್ತಲೆ, ನಡೆದಷ್ಟೇ ನೆಲ ಕಾಣುತ್ತದೆ. ಒಬ್ಬರು ತಮ್ಮ ಸರದಿ ಆಡಿ ಬಿಟ್ಟರೆ ಇನ್ನೊಬ್ಬರು ಬಿಡುವಾದಾಗ ಆಡಬಹುದು, ಮೂರು ದಿನದೊಳಗೆ. ಬಸ್ಸಿನವನಿಗೆ ಹೇಳಿ ಮಾಡಿಸಿದಂಥ ಆಟ. ಸಿಗ್ನಲ್ ಇರುವ ಕಡೆ ಆಡುವುದು, ಇಲ್ಲದ ಕಡೆ ಮುಂದಿನ ಸರದಿ ಯೋಚಿಸುವುದು.

ಜೊತೆಗಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಅವನೇ ಕಲಿಸಿದ್ದ. ಮೊದಮೊದಲ ಸರದಿಯಲ್ಲಿ ಆತುರ ಬೇಡ. ನೀರು ನೋಡು, ಹೊಳೆ ಪಕ್ಕ ಗಂಟು ಇಳಿಸು. ಮೊದಲು ಇನ್ನೊಬ್ಬ ಸಿಪಾಯಿಯನ್ನು ಮಾಡು, ಆಮೇಲೆ ಎರಡನೇ ಸೆಟ್ಲರ್. ಕಾವಲಿಲ್ಲದೆ ಸೆಟ್ಲರನ್ನು ಹೊರಗೆ ಬಿಟ್ಟರೆ ಎದುರಿನವರು ಹಿಡಿದುಕೊಂಡು ಹೋಗುತ್ತಾರೆ.

"ಅವಳು ಪಾಪ ಅವಳಷ್ಟಕ್ಕೆ ಎಲ್ಲೋ ಹೋಗ್ತಿದಾಳೆ. ಯಾಕಪ್ಪಾ ಹಿಡೀತಾರೆ?" ಎಂದು ಕೇಳಿದ್ದಳು ಚೈತನ್ಯಾ.

"ಆಟ ಕಣೇ ಅದು," ಎಂದಿದ್ದ.

ಆಟದಲ್ಲಿ ಮಾತಾಡಲು ಬರುವುದಿಲ್ಲ. ಆದರೆ ಊರಿಗೆ ಇಷ್ಟ ಬಂದ ಹೆಸರಿಡಬಹುದು, ಬೇಕಾದಾಗ ಬದಲಿಸಬಹುದು. ಅದನ್ನು ಮೊದಲು ಕಂಡುಹಿಡಿದವಳು ಅವಳೇ. ಒಂದು ದಿನ ನೋಡಿದರೆ ಹೊಳೆ ಪಕ್ಕದ ಅವಳ ಹಸಿರು ಊರಿನ ಹೆಸರು 'ಗಣಿತ ಹೋಯ್ತು' ಎಂದಿತ್ತು. ಉಮೇಶ್ ಹೊಸನಗರದ ಸ್ಟ್ಯಾಂಡಿನಲ್ಲಿ ಒಬ್ಬನೇ ನಕ್ಕು, ತನ್ನ ಕೆಂಪು ಊರಿಗೆ 'ಹೋದ್ರೆ ಹೋಗ್ಲಿ' ಎಂದು ಹೆಸರಿಟ್ಟ. ಅಪ್ಪ ಮಗಳ ಸಂಸಾರ ಹೀಗೆ ನಡೆದಿತ್ತು.

ಅದು ಕೆಟ್ಟದ್ದು ಗುರುವಾರ. ಹೊಸನಗರದಲ್ಲಿ ಬಸ್ಸು ಹೊರಡಬೇಕು, ಹಿಂದಿನ ಬಸ್ಸಿನವನು ಆಗಲೇ ಬಂದು ಬೆನ್ನಿಗೆ ನಿಂತು ಹಾರನ್ ಹೊಡೆಯುತ್ತಿದ್ದಾನೆ, ಬಾಗಿಲಲ್ಲಿ ಜನ. ಆ ಗಲಾಟೆಯಲ್ಲೇ ಉಮೇಶ್ ಫೋನು ತೆಗೆದ. ತನ್ನ ಗಡಿಗೆ ತಾಗಿ ಹಸಿರು ಬಣ್ಣದ ಒಬ್ಬ ಸೆಟ್ಲರ್ ನಿಂತಿದ್ದಳು. ಒಬ್ಬಳೇ, ಕಾವಲಿಲ್ಲ. ಖಾಸಗಿ ಬಸ್ಸಿನ ಕಂಡಕ್ಟರನ ಕೈ ಎಂಥದೆಂದು ಆ ಕಡೆಯವರಿಗೆಲ್ಲ ಗೊತ್ತು. ರಸ್ತೆ ಬದಿಯಲ್ಲಿ ಗಂಟು ಹಿಡಿದು ಒಬ್ಬರು ನಿಂತದ್ದು ಕಂಡರೆ ಸಾಕು, ಹಿಂದಿನ ಬಸ್ಸಿನವನು ಎತ್ತುವ ಮೊದಲು ತಾನು ಎತ್ತಿ ಒಳಗೆ ಹಾಕಬೇಕು. ಎಲ್ಲಿಗೆ ಎನ್ನುವುದು ಟಿಕೆಟ್ ಕೊಡುವಾಗಿನ ಮಾತು. ಅದೇ ಕೈ ಈಗಲೂ ಓಡಿತು. ಸಿಪಾಯಿಯನ್ನು ಕಳಿಸಿ ಸೆಟ್ಲರನ್ನು ಹಿಡಿದ. ಇದು ಯುದ್ಧ ಸಾರಿದಂತೆ, ಸರಿಯೇ ಎಂದು ಆಟ ಕೇಳಿತು. ಸರಿ ಎಂದು ಒತ್ತಿದ. ಹಸಿರಿದ್ದ ಹೆಂಗಸು ಕೆಂಪಾದಳು. ಎಷ್ಟು ಸಲ ಹೇಳಿದ್ದೆ, ಇನ್ನಾದರೂ ಬುದ್ಧಿ ಕಲಿಯುತ್ತಾಳೆ ಎಂದುಕೊಂಡು ಖುಷಿಯಿಂದಲೇ "ರೈಟ್!" ಎಂದು ಕೂಗಿದ್ದ.

ಅವತ್ತಿನಿಂದ ಅವಳು ಆಡಿರಲಿಲ್ಲ.

ಭಾನುವಾರದ ಈ ಬೆಳಿಗ್ಗೆ ಹೊಸನಗರದಲ್ಲಿ ಕಡ್ಡಿಗಳು ಮರಳಿ ಬಂದವು. ಸಾಲು ಬದಲಾಗಿರಲಿಲ್ಲ. ಸೋತದ್ದಕ್ಕೆ ಮುನಿಸಿಕೊಂಡಿದ್ದಾಳೆ, ಅಷ್ಟೇ ಎಂದು ಸಮಾಧಾನ ಹೇಳಿಕೊಂಡ. ಮುನಿಸು ಒಂದು ದಿನ ಇರುತ್ತದೆ. ಆಟ ಮುಚ್ಚಿಹೋಗುತ್ತದೆಂದು ಗೊತ್ತಿದ್ದೂ ಮೂರು ದಿನ ಇರುತ್ತದೆಯೇ? ಮುಚ್ಚಿದರೆ ಹೊಸ ಆಟಕ್ಕೆ ಇವನು ಕರೆಯಬಹುದು, ಬರಲು ಅವಳು ಒಪ್ಪಬೇಕು. ಒಪ್ಪದಿದ್ದರೆ? ಜಟ್ಟಿಂಗಪ್ಪ ಟೀ ತಂದುಕೊಟ್ಟರೆ ಕುಡಿಯದೆ ಚೆಲ್ಲಿದ.

ಹೊಸನಗರ ಬಿಟ್ಟು ಮೂರು ತಿರುವು ಕಳೆದಿರಬೇಕು, ಹಿಂದಿನ ಬಸ್ಸಿನ ಹಾರನ್ ಕೇಳಿಸಿತು. ಮುಂದೆ ರಸ್ತೆ ಬದಿಯಲ್ಲಿ ಒಬ್ಬ ಮುದುಕಿ, ಕಂಕುಳಲ್ಲಿ ಗಂಟು. ಉಮೇಶ್ ಸೀಟಿ ಊದಿ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಧುಮುಕಿ, ಆಕೆಯ ರಟ್ಟೆ ಹಿಡಿದು ಮೇಲೆ ಹತ್ತಿಸಿದ. "ಹತ್ತಿ ಅಜ್ಜಿ, ಹತ್ತಿ. ಒಳಗೆ ಹೋಗಿ. ರೈಟ್!"

ಸ್ವಲ್ಪ ದೂರ ಹೋದ ಮೇಲೆ ಟಿಕೆಟಿಗೆಂದು ಹತ್ತಿರ ಬಂದ. "ಎಲ್ಲಿಗೆ ಅಜ್ಜಿ?"

"ಹೊಸನಗರಕ್ಕಾ."

"ಅಯ್ಯೋ, ಇದು ತೀರ್ಥಹಳ್ಳಿಗೆ ಹೋಗಾದು!"

"ನನ್ನ ಎಂತಕ್ಕೆ ಎಳ್ದು ಹಾಕ್ದೆ ಹಂಗಾರೆ?" ಮುದುಕಿಯ ಸ್ವರ ಏರಿತು. "ಬಿಸ್ಲು ಅಂತ ಈ ಬದಿ ನೆಳ್ಳಿಗೆ ನಿಂತಿದ್ದೆ. ಎಲ್ಲಿಗೆ ಹೊಂಟಿದೀಯೇ ಮುದ್ಕಿ ಅಂತ ಒಂದು ಮಾತು ಕೇಳಿದ್ಯನಾ ನೀನು? ಬಾಯಿ ಇರ್ಲಿಲ್ಲನಾ ನಿಂಗೆ?"

ಬಸ್ಸೆಲ್ಲ ನಕ್ಕಿತು. ಜಟ್ಟಿಂಗಪ್ಪನೂ ನಗುತ್ತಲೇ ಬದಿಗೆ ಹಾಕಿ ನಿಲ್ಲಿಸಿದ. ಉಮೇಶ್ ನಗಲಿಲ್ಲ. ಮುದುಕಿಯನ್ನು ಇಳಿಸಿ, ಗಂಟು ಹೊತ್ತು ರಸ್ತೆ ದಾಟಿಸಿ, ಆಚೆ ಬದಿಯಲ್ಲಿ ಇಟ್ಟು, ಅಲ್ಲೇ ನಿಂತುಬಿಟ್ಟ. ಹಿಂದಿನ ಬಸ್ಸು ಧೂಳೆಬ್ಬಿಸಿ ಮುಂದೆ ಹೋಯಿತು. ಜಟ್ಟಿಂಗಪ್ಪ ಎರಡು ಸಲ ಹಾರನ್ ಹೊಡೆದ ಮೇಲೆ ಎಚ್ಚರವಾಗಿ ಬಂದು ಹತ್ತಿದ.

ಫೋನು ತೆಗೆದ. ಸಿಗ್ನಲ್ ಇಲ್ಲದಿದ್ದರೂ ನಕ್ಷೆ ನೋಡಲು ಅಡ್ಡಿಯಿರಲಿಲ್ಲ. ಚೈತನ್ಯಾ ಎಲ್ಲಿಗೆ ಹೊರಟಿದ್ದಳು? ಅವಳ ಊರಿನಿಂದ ಇವನ ಗಡಿಯವರೆಗಿನ ದಾರಿಯನ್ನು ಬೆರಳಿನಿಂದ ಹಿಂಬಾಲಿಸಿದ. ಊರು ದಾಟಿದ ಕೂಡಲೇ ಹೊಳೆ ತಿರುಗುವ ಜಾಗ. ಎರಡನೇ ಊರಿಗೆ ಅದಕ್ಕಿಂತ ಒಳ್ಳೆಯ ನೆಲ ಬೇಡ. ಅಲ್ಲಿ ಅವಳು ಗಂಟು ಇಳಿಸಿರಲಿಲ್ಲ. ಮುಂದೆ ಗೋಧಿ ಬೆಳೆಯುವ ಬಯಲು, ಅಲ್ಲೂ ಇಲ್ಲ. ಅವನು ಕಲಿಸಿದ ಒಳ್ಳೆಯ ಜಾಗಗಳನ್ನೆಲ್ಲ ಬಿಟ್ಟು, ಎರಡು ಸರದಿ ಕಳೆದು, ಅವಳ ಸೆಟ್ಲರ್ ನಡೆದು ಬಂದದ್ದು ನೀರಿಲ್ಲದ ಒಂದು ಕಲ್ಲುಗುಡ್ಡೆಗೆ. ಯಾವ ಆಟಗಾರನೂ ಅಲ್ಲಿ ಊರು ಕಟ್ಟುವುದಿಲ್ಲ. ಅಲ್ಲಿ ಕಟ್ಟಲು ಇದ್ದ ಕಾರಣ ಒಂದೇ. ಪಕ್ಕದಲ್ಲಿ ಅವನ ಊರಿತ್ತು.

ಕಾವಲು ಯಾಕಿರಲಿಲ್ಲವೆನ್ನುವುದೂ ಆಗ ಹೊಳೆಯಿತು. ಅಪ್ಪನ ಹತ್ತಿರ ಹೋಗುವವಳಿಗೆ ಕಾವಲು ಯಾತಕ್ಕೆ? ಉಮೇಶ್ ಬಸ್ಸಿನ ಕಂಬಿಗೆ ಹಣೆ ಒತ್ತಿಕೊಂಡು ನಿಂತ. ಆಮೇಲಿನ ದಾರಿಯಲ್ಲಿ ಯಾರಿಗೆ ಟಿಕೆಟ್ ಕೊಟ್ಟ, ಯಾರಿಗೆ ಬಿಟ್ಟ, ಅವನಿಗೇ ತಿಳಿಯದು.

ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಇಳಿದವನೇ ಬಸ್ಸಿನ ಹಿಂದೆ ಹೋಗಿ ಹಿರಿಯರ ಮಾತು ಮುರಿದ. ವಿನಯಾಳಿಗೆ ಫೋನ್ ಮಾಡಿದ.

"ಇಡಬೇಡ ವಿನಯಾ, ಒಂದು ನಿಮಿಷ. ಟ್ಯಾಬ್ ತೆಗ್ದು ಆಟ ಆಡು ಅಂತ ಚೈತುಗೆ ಹೇಳು. ಬೇರೆ ಎಂತದೂ ಬೇಡ."

ಆಚೆ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ವಿನಯಾ ಮಾತಾಡಿದಳು. "ಆ ಆಟದ ವಿಷ್ಯ ನಂಗೆ ಗೊತ್ತು. ಗೊತ್ತಿದ್ದೇ ಸುಮ್ನಿದ್ದೆ, ಅದಾದ್ರೂ ಇರ್ಲಿ ಅಂತ. ಎಂತ ಮಾಡಿದ್ರಿ ನೀವು ಅವಳಿಗೆ?"

"ನೋಡ್ಲಿಲ್ಲ ನಾನು. ರಶ್ ಇತ್ತು."

"ಟ್ಯಾಬನ್ನ ಬೀರು ಮೇಲೆ ಹಾಕಿದಾಳೆ. ಗುರುವಾರದಿಂದ ಮುಟ್ಟಿಲ್ಲ, ಊಟನೂ ಸರಿ ಮಾಡಲ್ಲ. ಕೇಳಿದ್ರೆ, ಅಪ್ಪ ನನ್ ಮೇಲೆ ಯುದ್ಧ ಸಾರಿದಾರೆ ಅಂತಾಳೆ. ನಂಗೆ ಮೊದ್ಲು ನಗು ಬಂತು. ತಿರುಗಿ ನೋಡಿದ್ರೆ ಅವಳು ಅಳ್ತಾ ಇದ್ಲು."

"ಕೈ ಮುಗೀತೀನಿ. ಬಂದು ನನ್ನ ಊರು ಸುಡ್ಲಿ ಬೇಕಾದ್ರೆ. ಆದ್ರೆ ಆಡ್ಲಿ. ಇನ್ನು ಸ್ವಲ್ಪ ಹೊತ್ತು, ಆಡ್ದಿದ್ರೆ ಮುಚ್ಚಿಹೋಗ್ತದೆ. ನಂಗೆ ಮತ್ತೆಂತ ಇಲ್ಲ ವಿನಯಾ."

"ಹೇಳಿ ನೋಡ್ತೀನಿ. ನನ್ನ ಮಾತೂ ಕೇಳಲ್ಲ ಅವ್ಳು ಈಗ." ಫೋನು ಇಟ್ಟಳು.

ಉಮೇಶ್ ಗಡಿಯಾರ ನೋಡುತ್ತ ಹಿಂದಿನ ಚಕ್ರದ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತ. ಕೆಂಪು ಅಂಕಿಗಳು ಇಳಿಯುತ್ತಲೇ ಇದ್ದವು. ಬಸ್ಸು ಹೊರಡುವ ಹೊತ್ತಾಯಿತು. ಜಟ್ಟಿಂಗಪ್ಪ ಹುಡುಕಿಕೊಂಡು ಬಂದು ಅವನ ಮುಖ ನೋಡಿದ. "ಎಂತ ಆತಾ? ಯಾರಾದ್ರೂ ತೀರ್ಕಂಡ್ರನಾ?"

"ಇಲ್ಲ ಜಟ್ಟಿಂಗಣ್ಣ. ಮಗಳು ಆಟ ಆಡ್ತಿಲ್ಲ."

ಇನ್ನೊಬ್ಬನಾಗಿದ್ದರೆ ಬೈಯುತ್ತಿದ್ದ. ಜಟ್ಟಿಂಗಪ್ಪ ತಲೆ ಕೆರೆದುಕೊಂಡ. "ಆ ಆಟ ನಂಗೆ ತಿಳ್ಯಾದಿಲ್ಲ ಮಾರಾಯ. ಒಂಚೂರು ತಡ್ದು ಹೊರಡಾಣನಾ?"

ಆ ರೂಟಿನಲ್ಲಿ ಟೈಮು ಬಿಡುವುದೆಂದರೆ ಬಸ್ಸನ್ನೇ ಬಿಟ್ಟುಕೊಟ್ಟಂತೆ. ಮುಂದೆ ಹೊರಡಬೇಕಾದವನು ನಿಂತೇ ಇರುವುದನ್ನು ಕಂಡು ಹಿಂದಿನ ಬಸ್ಸಿನವನು ಕೂಗಾಡಿದ. ಆಮೇಲೆ ಸಂತೋಷವಾಗಿ ಇವರ ಪ್ಯಾಸೆಂಜರುಗಳನ್ನೇ ಹತ್ತಿಸಿಕೊಂಡು ಹೊರಟ. ಜಟ್ಟಿಂಗಪ್ಪ ಬೀಡಿ ಹಚ್ಚಿ ಬೇರೆ ಕಡೆ ನೋಡುತ್ತ ನಿಂತ. ಫೋನು ಸದ್ದು ಮಾಡಲಿಲ್ಲ. ಬೀಡಿ ಮುಗಿಯಿತು. ಇನ್ನು ನಿಲ್ಲುವ ಹಾಗಿರಲಿಲ್ಲ.

ಮುಕ್ಕಾಲು ಖಾಲಿಯಾದ ಬಸ್ಸು ಹೊರಟು ಓಣಿಯ ಬಾಯಿಗೆ ಬಂದಾಗ ಜಟ್ಟಿಂಗಪ್ಪ ಹಾರನ್ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಯಾವುದೋ ಮನೆಯ ನಾಯಿ ಬೊಗಳಿತು. ಓಣಿಯಿಂದ ಯಾರೂ ಹೊರಗೆ ಬರಲಿಲ್ಲ. ಉಮೇಶ್ ಬಾಗಿಲಿಂದ ಬಗ್ಗಿ, ಓಣಿ ಕಣ್ಣಿಗೆ ಮರೆಯಾಗುವವರೆಗೂ ನೋಡಿದ.

ಊರ ಕೊನೆಯ ಪೆಟ್ರೋಲ್ ಬಂಕಿನ ಹತ್ತಿರ ಫೋನು ನಡುಗಿತು.

ಆಡಿದ್ದಳು. ಎರಡು ಸಲ ತಪ್ಪಾಗಿ ಒತ್ತಿ, ಕೊನೆಗೆ ಆಟ ತೆರೆದ. ಅವಳು ಮಾಡಿದ್ದು ಹೆಚ್ಚೇನಿರಲಿಲ್ಲ. ಹೊರಗಿದ್ದ ಒಬ್ಬನೇ ಸಿಪಾಯಿಯನ್ನು ಊರೊಳಗೆ ಕರೆಸಿಕೊಂಡಿದ್ದಳು. 'ಗಣಿತ ಹೋಯ್ತು' ಎಂಬ ಹೆಸರು ಅಳಿಸಿದ್ದಳು. ಅದರ ಜಾಗದಲ್ಲಿ ಬೇರೆ ಮಾತಿರಲಿಲ್ಲ. ಎಲ್ಲ ಊರುಗಳಿಗೂ ಆಟವೇ ಇಡುವ ಯಾವುದೋ ಇಂಗ್ಲಿಷ್ ಹೆಸರು ಮರಳಿ ಬಂದಿತ್ತು.

ಈಗ ಇವನ ಸರದಿ. ಸಿಗ್ನಲ್ ಇರುವುದು ಮುಂದಿನ ಏರಿನ ತನಕ. ಇಷ್ಟು ಬೇಗ ಎರಡನೇ ಸೆಟ್ಲರ್ ಸಿಕ್ಕಿದವನು ಹೊಳೆಯ ತಿರುವಿನಲ್ಲಿ ಊರು ಕಟ್ಟಿ, ಎದುರಿನವರನ್ನು ಮೂಲೆಗೆ ಒತ್ತಿ, ಆಟ ಗೆದ್ದುಬಿಡುತ್ತಾನೆ. ಅದು ಅವನಿಗೆ ಬಾಯಿಪಾಠ. ತನ್ನ ಊರಿನ ಹೆಸರು ಬದಲಿಸಲು ಹೊರಟು 'ತಪ್ಪಾಯ್ತು' ಎಂದು ಬರೆದ. ಯಾವ ಬಸ್ಸಿನವನಾದರೂ ಕಾಲು ತುಳಿದಾಗ ಹೇಳುವ ಮಾತು ಅದು ಎನ್ನಿಸಿ ಅಳಿಸಿದ. ಬೇರೆ ಮಾತು ಹುಡುಕುವಷ್ಟರಲ್ಲಿ ಬಸ್ಸು ಏರು ಹಿಡಿದು ಒಂದು ಕಡ್ಡಿ ಆರಿತು.

ಸೆಟ್ಲರಿನ ಕಾವಲಿಗಿದ್ದ ಸಿಪಾಯಿಯನ್ನು ದೂರದ ಕತ್ತಲೆಯ ಕಡೆಗೆ ಕಳಿಸಿಬಿಟ್ಟ. ತನ್ನ ಊರಿನ ಬಾಗಿಲು ಕಾಯುತ್ತಿದ್ದವನನ್ನೂ ಅವನ ಹಿಂದೆಯೇ ಕಳಿಸಿದ. ಗಂಟು ಹೊತ್ತವಳನ್ನು, ಅವಳು ಬಂದಿದ್ದ ದಾರಿಯಲ್ಲೇ, ಒಂದು ಸರದಿಯಲ್ಲಿ ನಡೆಸಬಹುದಾದಷ್ಟು ದೂರ ವಾಪಸು ನಡೆಸಿದ. ಹಸಿರು ಊರಿಗೆ ಕಾಣುವಷ್ಟು ಹತ್ತಿರ ತಲುಪಿದಳು, ಒಳಗೆ ಹೋಗುವಷ್ಟಲ್ಲ. ಬೇಕೆಂದರೆ ಚೈತನ್ಯಾಳ ಸಿಪಾಯಿ ಹೊರಗೆ ಬಂದು ಅವಳನ್ನು ಕರೆದೊಯ್ಯಬಹುದು. ಸರದಿ ಮುಗಿಯಿತು ಎಂಬ ಗುಂಡಿ ಒತ್ತಿದ. ಹೋಯಿತೋ ಇಲ್ಲವೋ ಎಂದು ಪರದೆ ಸ್ವಲ್ಪ ಹೊತ್ತು ಸುತ್ತಿತು. ಆಮೇಲೆ ಸಾಲು ಮೂಡಿತು: ಚೈತನ್ಯಾಳ ಸರದಿ.

ಮುಂದಿನ ಸೀಟಿನಲ್ಲಿ ಯಾರೋ ಟಿಕೆಟ್ ಕೇಳುತ್ತಿದ್ದರು. ಉಳಿದ ಕಡ್ಡಿಯೂ ಆರಿತು. ಗೋಧಿ ಬಯಲಿನ ನಡುವೆ ಗಂಟು ಹೊತ್ತ ಹೆಂಗಸು ಊರಿನ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ.